ಎಲೆತೋಟವನ್ನು ಕೊಂದ ಕೈ

“ಕೇಳ್ರಪ್ಪೋ ಕೇಳಿ! ದೊರೆ ಗಜಮಲ್ಲರ ಅಪ್ಪಣೆ! ತೀರಿಹೋದ ರಾಣಿಯಮ್ಮ ನೆಟ್ಟ ವೀಳ್ಯದೆಲೆ ತೋಟ ಕೊಳೆತು ಸಾಯುತ್ತಿದೆ. ತೋಟ ನೋಡಿಕೊಳ್ಳುವ ದ್ಯಾವವ್ವನಿಗೆ ನಾಳೆ ಹೊತ್ತು ಮುಳುಗುವಾಗ ತಲೆದಂಡ! ರಾಜಕುಮಾರಿ ನಾಗಲೆಯ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ಒಂದು ತಪ್ಪಿದರೂ ಅವರ ತಲೆ ದ್ಯಾವವ್ವನ ಪಕ್ಕದಲ್ಲೇ ಉರುಳುತ್ತದೆ!”

ಡಂಗುರ ಕೇಳಿ ಜೋಗನ ಕೈಯಲ್ಲಿದ್ದ ಬಿದಿರು ಕೆಳಗೆ ಬಿತ್ತು. ಜೋಗ ಬುಟ್ಟಿ ಹೆಣೆಯುವವನು. ಆ ತೋಟದ ಎಲೆ ತುಂಬುವ ಬುಟ್ಟಿಗಳೆಲ್ಲ ಅವನ ಕೈಯವೇ. ದ್ಯಾವವ್ವ ಅವನ ಒಡಹುಟ್ಟಿದ ಅಕ್ಕ. ತಾಯಿ ಸತ್ತಾಗ ಇವನಿಗಿನ್ನೂ ಹಲ್ಲು ಬಂದಿರಲಿಲ್ಲ. ಅನ್ನ ಅಗಿದು ಬಾಯಿಗಿಟ್ಟು ಸಾಕಿದವಳು ಅವಳೇ. ಇನ್ನು ಅವನು ಸುಮ್ಮನಿರುತ್ತಾನೆಯೇ?

ಮಾರನೆಯ ಬೆಳಗ್ಗೆ ತೋಟದಲ್ಲೇ ಸಭೆ ಸೇರಿತು. ಎಲೆತೋಟಕ್ಕೆ ಯಾರೇ ಬರಲಿ, ಮೆಟ್ಟು ಬೇಲಿಯ ಹೊರಗೆ ಬಿಡಬೇಕು. ದೊರೆಯೇ ಬರಿಗಾಲಲ್ಲಿ ಕೂತಿದ್ದ, ಮೊಣಕಾಲ ಮೇಲೆ ಕತ್ತಿ. ಕೈ ಕಟ್ಟಿಸಿಕೊಂಡು ದ್ಯಾವವ್ವ ನಿಂತಿದ್ದಳು. ತಮ್ಮನನ್ನು ಕಂಡದ್ದೇ, “ಲೋ, ಯಾಕೋ ಬಂದೆ? ಹೋಗೋ ಮನೆಗೆ!” ಎಂದು ಗದರಿದಳು.

ಪಕ್ಕದ ಸೀಮೆಯ ಯುವರಾಜ ವಿಕ್ರಾಂತ ಜರಿಯ ಮೆಟ್ಟು ಮೆಟ್ಟಿಕೊಂಡೇ ಒಳಗೆ ಬಂದ. ಆಳು ಓಡಿಬಂದು ಬಿಚ್ಚಿಸಬೇಕಾಯಿತು.

ನಾಗಲೆ ಮೊದಲ ಒಗಟು ಹೇಳಿದಳು: “ನನ್ನ ತಲೆಗೆ ಕೊಡೆ ಹಿಡಿಯುವವನೇ ನನ್ನ ಕಾಲಡಿಯ ನೀರು ಕದಿಯುತ್ತಾನೆ. ಅವನಿಲ್ಲದಿದ್ದರೆ ಸುಟ್ಟುಹೋಗುತ್ತೇನೆ, ಇದ್ದರೆ ಬಾಯಾರಿ ನಿಲ್ಲುತ್ತೇನೆ. ಅವನು ಯಾರು? ನಾನು ಯಾರು?”

ವಿಕ್ರಾಂತ ಮೀಸೆ ತಿರುವಿದ. “ಇದೂ ಒಂದು ಒಗಟೇ? ಅವನು ದೊರೆ, ನೀನು ಪ್ರಜೆ!”

ಗಜಮಲ್ಲನ ಕಣ್ಣು ಕೆಂಪಾಯಿತು. “ನಾನು ಕಳ್ಳನೇನೋ? ಕಟ್ಟಿರಿ ಇವನನ್ನು!”

ಆಮೇಲೆ ಆಸ್ಥಾನ ಪಂಡಿತರು ಎದ್ದು ಕೆಮ್ಮಿ, “ಅವನು ದೇಹ, ನಾನು ಆತ್ಮ,” ಎಂದರು. ನಾಗಲೆ ತಲೆ ಅಲ್ಲಾಡಿಸಿದಳು. ಪಂಡಿತರ ಕೈಗೂ ಹಗ್ಗ ಬಿತ್ತು. ಉತ್ತರ ಹೇಳಲು ಸಾಲಿನಲ್ಲಿ ನಿಂತಿದ್ದ ಮಿಕ್ಕವರು ಒಬ್ಬೊಬ್ಬರಾಗಿ ಬೇಲಿ ದಾಟಿ ಮಾಯವಾದರು.

“ನಾನು ಹೇಳ್ತೀನಿ ತಾಯಿ,” ಎಂದು ಜೋಗ ಮುಂದೆ ಬಂದ. “ಅವನು ಅಗಸೆ ಮರ. ನಾನು ಅದನ್ನು ತಬ್ಬಿದ ಎಲೆಬಳ್ಳಿ. ಮರ ನೆರಳು ಕೊಡುತ್ತೆ, ಆದರೆ ಅದರ ಬೇರು ಬಳ್ಳಿಯ ಪಾಲಿನ ನೀರನ್ನೂ ಹೀರುತ್ತೆ. ತಂಪಾಗಿದೆಯಲ್ಲ ಅಂತ ನೆರಳಿನ ಬಳ್ಳಿಗೆ ನೀರು ಹಾಕುವುದನ್ನು ಮರೆಯಬಾರದು.”

“ಸರಿ,” ಎಂದಳು ನಾಗಲೆ. “ಎರಡನೆಯದು. ನಡುಮಧ್ಯಾಹ್ನ ಒಬ್ಬ ತಲೆ ಬಾಗಿಸಿ ನೀರು ಬೇಡುತ್ತಾನೆ. ಕೆಲವು ದಿನ ಕೊಟ್ಟರೆ ಬದುಕುತ್ತಾನೆ, ಕೆಲವು ದಿನ ಕೊಟ್ಟರೆ ಸಾಯುತ್ತಾನೆ. ಅವನ ಬಾಯಾರಿಕೆ ನಿಜವೋ ಸುಳ್ಳೋ ಅಂತ ಯಾರನ್ನು ಕೇಳಲಿ?”

ಜೋಗ ಬಗ್ಗಿ ಬಳ್ಳಿಯ ಬುಡಕ್ಕೆ ಬೆರಳು ಚುಚ್ಚಿದ, ಎರಡು ಗೆಣ್ಣು ಆಳಕ್ಕೆ. ಬೆರಳು ಎತ್ತಿ ತೋರಿಸಿದ. ಕೆಸರು ಮೆತ್ತಿತ್ತು.

“ಮಣ್ಣನ್ನು ಕೇಳಬೇಕು ತಾಯಿ. ಸೆಕೆಗೆ ಎಲೆ ಸುಮ್ಮನೆ ಜೋತುಬೀಳುತ್ತೆ, ಸಂಜೆಗೆ ತಾನೇ ಏಳುತ್ತೆ. ಒಳಗೆ ಒಣಗಿದ್ದರೆ ಮಾತ್ರ ನೀರು, ಅದೂ ಬೇರಿನ ಆಳಕ್ಕೆ ಇಳಿಯುವ ಹಾಗೆ. ಹೀಗೆ ಬೆರಳಿಗೆ ಮೆತ್ತಿದರೆ ಒಂದು ತೊಟ್ಟೂ ಬೇಡ. ಬೇರು ಉಸಿರುಕಟ್ಟಿ ಕೊಳೆಯುತ್ತೆ.”

“ಅದೂ ಸರಿ.” ನಾಗಲೆ ಅಪ್ಪನ ಕಡೆ ನೋಡಲಿಲ್ಲ, ನೆಲ ನೋಡಿದಳು. “ಮೂರನೆಯದು. ಎಲೆಯ ಮೇಲೆಲ್ಲ ಕರಿ ಚುಕ್ಕೆ, ದಂಟಿನ ತುಂಬ ಹುಳು ಹರಿದ ಲೋಳೆ. ಈ ತೋಟವನ್ನು ಕೊಂದ ಕೈ ಯಾವುದು?”

ಜೋಗ ಬೆರಳಿನ ಕೆಸರು ಒರೆಸಿಕೊಳ್ಳುತ್ತ ನಿಂತ. ಉತ್ತರ ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೇ. ರಾಣಿ ತೀರಿಹೋದ ಮೇಲೆ ದಿನವೂ ಸಂಜೆ ದೊರೆ ಚಿನ್ನದ ಕೊಡ ಹಿಡಿದು ಇಲ್ಲಿಗೆ ಬರುತ್ತಿದ್ದ. ಹೆಂಡತಿಯ ಬಳ್ಳಿಯೇ ತನಗೆ ದೇವರೆಂದು, ದೇವರಿಗೆ ಅಭಿಷೇಕ ಮಾಡಿದ ಹಾಗೆ ತುದಿಯಿಂದ ಬುಡದವರೆಗೆ ಎಲೆಗಳ ಮೇಲೆಲ್ಲ ನೀರು ಸುರಿಯುತ್ತಿದ್ದ. ಬೇಲಿಯ ಪಕ್ಕ ಬುಟ್ಟಿ ಹೆಣೆಯುತ್ತ ಕೂತ ಜೋಗ ಅದನ್ನು ಕಣ್ಣಾರೆ ಕಂಡಿದ್ದ. ಆದರೆ ಕತ್ತಿ ಹಿಡಿದವನ ಮುಂದೆ ಹೇಗೆ ಹೇಳುವುದು?

“ಹೇಳೋ!” ಎಂದು ದೊರೆ ಗುಡುಗಿದ.

“ತಮ್ಮಾ, ನನ್ನ ಹೆಸರೇ ಹೇಳಿಬಿಡೋ!” ದ್ಯಾವವ್ವ ಕೂಗಿದಳು. “ನನ್ನದಂತೂ ಮುಗೀತು. ನೀನಾದರೂ ಬದುಕಿಕೋ!”

ಜೋಗ ಅಕ್ಕನನ್ನು ನೋಡಿದ. ಅವಳ ಕಟ್ಟಿದ ಕೈ ನೋಡಿದ. ದೊರೆಯ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತು ಕುತ್ತಿಗೆ ಬಾಗಿಸಿದ.

“ಬುದ್ಧೀ, ನಿಮ್ಮ ಕೈ.”

ಕತ್ತಿ ಮೇಲೆದ್ದಿತು. ಗಾಳಿಯೂ ನಿಂತ ಹಾಗಾಯಿತು.

“ಸಂಜೆ ನೆಂದ ಎಲೆ ರಾತ್ರಿಯೆಲ್ಲ ಆರುವುದಿಲ್ಲ ಬುದ್ಧೀ. ಒದ್ದೆ ಎಲೆಗೆ ಹುಳು ಹತ್ತುತ್ತೆ, ಕೊಳೆ ಹಿಡಿಯುತ್ತೆ. ನೆರಳಲ್ಲಿ ಬಿಸಿಲೂ ಸಿಗುವುದಿಲ್ಲ. ನೀವು ಹಾಕಿದ್ದು ಪ್ರೀತಿಯಿಂದಲೇ. ಆದರೆ ಬಳ್ಳಿಯ ಬಾಯಿರೋದು ಬುಡದಲ್ಲಿ.”

“ಉತ್ತರ ಸರಿ ಅಪ್ಪಾಜಿ!” ನಾಗಲೆ ಓಡಿಬಂದು ಕತ್ತಿ ಹಿಡಿದ ಕೈ ಹಿಡಿದುಕೊಂಡಳು. “ನನಗೂ ಗೊತ್ತಿತ್ತು, ದ್ಯಾವವ್ವನಿಗೂ ಗೊತ್ತಿತ್ತು. ಅಮ್ಮನಿಗಾಗಿ ಅಳುತ್ತ ನೀರು ಹಾಕುವವರಿಗೆ, ಹಾಕಬೇಡಿ ಅನ್ನಲು ನಮಗೆ ಬಾಯಿ ಬರಲಿಲ್ಲ. ಒಂದು ಜೀವ ಹೋಗುತ್ತದೆ ಎಂದಾಗ, ಯಾರಾದರೂ ಹೇಳಲಿ ಅಂತ ಒಗಟು ಹೆಣೆದೆ.”

ಕತ್ತಿ ನೆಲಕ್ಕೆ ಬಿತ್ತು. ಗಜಮಲ್ಲ ತಾನೇ ಎದ್ದು ದ್ಯಾವವ್ವನ ಕೈಯ ಕಟ್ಟು ಬಿಚ್ಚಿದ. ವಿಕ್ರಾಂತನನ್ನೂ ಪಂಡಿತರನ್ನೂ ಬಿಡಿಸಿದ. “ಬೇಡಿಕೋ,” ಎಂದ ಜೋಗನಿಗೆ.

“ಅಕ್ಕನ ತಲೆ ಉಳೀತಲ್ಲ ಬುದ್ಧೀ, ಸಾಕು.”

“ನಿನಗೆ ಸಾಕು, ನನಗೆ ಸಾಲದು. ಈ ತೋಟ ಇನ್ನು ನಿಮ್ಮಿಬ್ಬರದು. ಒಂದು ಮಾತು ಮಾತ್ರ ಕೇಳುತ್ತೇನೆ. ನನ್ನ ಕೈಯಲ್ಲಿ ನೀರು ಹಾಕಿಸಿಕೊಳ್ಳುವುದಿಲ್ಲವೇನೋ ನನ್ನ ರಾಣಿಯ ಬಳ್ಳಿ?”

ಮಣ್ಣು ಆರಿದ ದಿನ ಬೆಳಗ್ಗೆ ಜೋಗ ದೊರೆಯ ಕೈಗೆ ಮಣ್ಣಿನ ಚೆಂಬು ಕೊಟ್ಟ. ದೇಶವನ್ನೇ ಬಗ್ಗಿಸಿದ ಗಜಮಲ್ಲ ಬಳ್ಳಿಯ ಮುಂದೆ ಮಂಡಿಯೂರಿ, ಒಂದು ಎಲೆಯೂ ನೆನೆಯದ ಹಾಗೆ, ಬುಡಕ್ಕೆ ಮೆಲ್ಲಗೆ ನೀರು ಇಳಿಸಿದ. ಮಣ್ಣು ಗಟಗಟನೆ ಕುಡಿಯಿತು.

ಮೂರು ತಿಂಗಳಿಗೆ ಎಳೆ ಎಲೆ ಬಿಟ್ಟಿತು. ಮೊದಲ ಕೊಯ್ಲಿನ ಎಲೆ ಯಾವ ತಾಂಬೂಲಕ್ಕೆ ಹೋಯಿತು ಅಂತೀರಿ? ನಾಗಲೆ ಮತ್ತು ಜೋಗನ ನಿಶ್ಚಿತಾರ್ಥಕ್ಕೆ. ತಾನು ಹೇಳಲಾರದ ಮಾತನ್ನು ಹೇಳಿದವನನ್ನೇ ಅವಳು ಮೆಚ್ಚಿದ್ದಳು. ಅವರ ಬಾಯಿ ಕೆಂಪಾಯಿತು, ನನ್ನ ಕತೆ ಹಣ್ಣಾಯಿತು.