ಕೊನೆಗದ್ದೆಯ ಕೊಂಬು

"ಬುದ್ಧೀ, ಒಳ್ಳೆಯವನು ಅನ್ನಿಸಿಕೊಂಡವನೂ ಆ ಕುರ್ಚಿಯಲ್ಲಿ ಕೂತ ಮೇಲೆ ಕೆಡುತ್ತಾನಲ್ಲ, ಅದು ಯಾಕೆ?"

ತಿಪ್ಪೇರುದ್ರಪ್ಪ ಮೇಷ್ಟ್ರು ಈ ಪ್ರಶ್ನೆಯನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ತಿದ್ದಿಕೊಂಡು ಬಂದಿದ್ದರು. ಮಠದ ಜಗಲಿ ಹತ್ತಿ, ಗುರುಗಳಿಗೆ ನಮಸ್ಕರಿಸಿ, ತಂದಿದ್ದ ಬಾಳೆಹಣ್ಣಿನ ಚಿಪ್ಪನ್ನು ಮುಂದಿಟ್ಟು, ಕೂರುವ ಮೊದಲೇ ಕೇಳಿಬಿಟ್ಟರು.

ಅವರಿಗೆ ಅದು ಬರಿಯ ಜಿಜ್ಞಾಸೆಯಾಗಿರಲಿಲ್ಲ. ಊರಿಗೆ ಪಂಚಾಯ್ತಿ ಚುನಾವಣೆ ಬಂದಿತ್ತು. ಮೂವತ್ತಮೂರು ವರ್ಷ ಅದೇ ಊರಿನ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರ ಮನೆಗೆ ಹಿಂದಿನ ದಿನ ಹತ್ತು ಮಂದಿ ಬಂದು, ಈ ಸಲ ನೀವೇ ನಿಲ್ಲಬೇಕು, ಗೆಲ್ಲಿಸಿ ಅಧ್ಯಕ್ಷರನ್ನಾಗಿ ಮಾಡುವುದು ನಮ್ಮ ಪಾಲಿಗಿರಲಿ ಎಂದು ಪಟ್ಟು ಹಿಡಿದಿದ್ದರು. ನಾಮಪತ್ರಕ್ಕೆ ನಾಳೆಯೇ ಕಡೆಯ ದಿನ.

"ನಾನು ಕಂಡ ಹಾಗೆ ಐದು ಜನ ಅಧ್ಯಕ್ಷರಾದರು" ಎಂದರು ಮೇಷ್ಟ್ರು. "ಅವರಲ್ಲಿ ಮೂವರು ನನ್ನ ಕೈಯಲ್ಲೇ ಓದಿದವರು. ಹೋಗುವಾಗ ಚಿನ್ನದಂಥ ಮನುಷ್ಯರು. ಬರುವಾಗ ಗುರುತೇ ಸಿಗಲಿಲ್ಲ. ಊರವರಿಗೆ ಈಗ ಯಾರ ಮೇಲೂ ನಂಬಿಕೆ ಇಲ್ಲ. ಕೊನೆಯ ಕೇರಿಗೆ ಎಂಟು ದಿನಕ್ಕೊಂದು ಸಲ ಕುಡಿಯುವ ನೀರು ಬುದ್ಧೀ. ಕೇಳುವವರಿಲ್ಲ."

"ನಿಮ್ಮ ಮನೆಗೋ?"

"ನಮಗೆ ದಿನಾ ಬರುತ್ತೆ. ನೀರು ಬಿಡುವ ವಾಟರ್‌ಮ್ಯಾನ್ ನನ್ನ ಹಳೆಯ ಶಿಷ್ಯ. ಮೇಷ್ಟ್ರ ಬೀದಿ ಅಂತ ಒಂದು ದಿನವೂ ತಪ್ಪಿಸಿದವನಲ್ಲ. ಕೊನೆಯ ಕೇರಿಯ ಹೆಣ್ಣುಮಕ್ಕಳು ಕೊಡ ಹಿಡಿದು ನಮ್ಮ ಬಾಗಿಲಿಗೇ ಬರುತ್ತಾರೆ. ಇವತ್ತಿನವರೆಗೆ ಒಬ್ಬರಿಗೂ ನಾನು ಇಲ್ಲ ಅಂದಿಲ್ಲ."

ಈ ಮಾತು ಹೇಳುವಾಗ ಮೇಷ್ಟ್ರ ಎದೆ ತುಸು ಮುಂದೆ ಬಂದಿತ್ತು. ಕೊಟ್ಟ ಕೈ ತಾನೇ. ಬಂದರೆ ತಪ್ಪೇನು ಅನ್ನಿ.

"ನಿಂತರೆ ನಾನು ಕೆಡುತ್ತೇನೆ, ನಿಲ್ಲದಿದ್ದರೆ ಊರು ಕೆಡುತ್ತೆ. ಏನು ಮಾಡಲಿ?"

ಗುರುಗಳು ಕಾಲು ಮಡಚಿ ಕೂತರು. "ಒಂದು ಕತೆ ಇದೆ. ಪೂರ್ತಿ ಕೇಳಿ. ನೀವು ಮೇಷ್ಟ್ರುಗಳು, ಬೆಲ್ಲು ಹೊಡೆದರೆ ಅರ್ಧ ವಾಕ್ಯಕ್ಕೇ ಎದ್ದುಬಿಡುವವರು" ಎಂದು ಹೇಳಿ ಕತೆ ಶುರುಮಾಡಿದರು.

ಒಂದು ಊರಿತ್ತು. ಊರಿಗೊಂದು ಕೆರೆ, ಕೆರೆಗೊಂದು ತೂಬು, ತೂಬಿನಿಂದ ಹೊರಟದ್ದು ಒಂದೇ ಕಾಲುವೆ. ಕಾಲುವೆಯ ಎರಡು ಮಗ್ಗುಲಿಗೂ ಊರವರ ಗದ್ದೆಗಳು. ತೂಬು ತೆಗೆದು, ಮುಚ್ಚಿ, ಗದ್ದೆಗದ್ದೆಗೆ ನೀರು ಹಂಚುವವನಿಗೆ ನೀರುಗಂಟಿ ಎಂದು ಹೆಸರು. ಅವನ ಕೈಯಲ್ಲಿ ಒಂದು ಕೋಲು, ಹೆಗಲಲ್ಲಿ ಒಂದು ಕೊಂಬು. ಅವನು ಕೋಲು ತೋರಿಸಿದ ಕಡೆ ನೀರು. ಊರಗೌಡನೂ ಆ ಕೋಲಿಗೆ ಎದುರಾಡುವಂತಿರಲಿಲ್ಲ.

ಇಷ್ಟು ದೊಡ್ಡ ಅಧಿಕಾರವನ್ನು ಒಬ್ಬನ ಕೈಗೆ ಕೊಟ್ಟ ಹಿರಿಯರು ಅವನ ಮೇಲೆ ಕಾವಲಿಗೆ ಯಾರನ್ನೂ ಇಡಲಿಲ್ಲ. ಒಂದೇ ಒಂದು ಕಟ್ಟು ಮಾಡಿದರು. ನೀರುಗಂಟಿಯ ಜೀವನಕ್ಕೆ ಬಿಟ್ಟ ಗದ್ದೆ ಕಾಲುವೆಯ ತುತ್ತತುದಿಯಲ್ಲಿರಬೇಕು. ಎಲ್ಲರ ಗದ್ದೆ ಕುಡಿದು ಮಿಕ್ಕದ್ದು ಅವನದು. ನಡುವೆ ಒಂದು ಏಡಿ ಬಿಲ ತೋಡಿ ನೀರು ಸೋರಿದರೂ ಅದು ಅವನ ಗಂಗಳದಿಂದಲೇ ಸೋರಿದ ಹಾಗೆ. ಆದ್ದರಿಂದ ಅವನು ದಿನಾ ಬೆಳಗ್ಗೆ ಅರ್ಧ ಹರಿದಾರಿ ಕಾಲುವೆಯ ಗುಂಟ ನಡೆಯುತ್ತಿದ್ದ. ಬಿಲ ಮುಚ್ಚುತ್ತಿದ್ದ, ಜೊಂಡು ಕೀಳುತ್ತಿದ್ದ. ಹೆಚ್ಚು ಎಳೆದುಕೊಂಡವನ ಗದ್ದೆಯ ಬಾಯಿಗೆ ಮಣ್ಣು ಮೆತ್ತುತ್ತಿದ್ದ. ನಡೆ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ವರ್ಷಕ್ಕೊಮ್ಮೆ, ತೂಬು ತೆಗೆದ ಎಷ್ಟೋ ದಿನದ ಮೇಲೆ, ನೀರು ಅವನ ಗದ್ದೆಯನ್ನು ತುಂಬುತ್ತಿತ್ತು. ತನ್ನ ಗದ್ದೆ ತುಂಬಿದ ದಿನ ನೀರುಗಂಟಿ ಬದುವಿನ ಮೇಲೆ ನಿಂತು ಕೊಂಬು ಊದಬೇಕು. ಕೊಂಬು ಕೇಳಿದರೆ ಊರಿನಲ್ಲಿ ಹೋಳಿಗೆ. ಕಟ್ಟಕಡೆಯ ಗದ್ದೆಗೂ ನೀರು ಮುಟ್ಟಿತು ಎಂದು ಅದರ ಅರ್ಥ. ಸುತ್ತಲಿನವರು ಆ ಊರಿಗೆ ಹೆಣ್ಣು ಕೊಡುವಾಗ ಗಂಡಿಗೆ ಜಮೀನೆಷ್ಟು ಎಂದು ಕೇಳುತ್ತಿರಲಿಲ್ಲ. ಕೊಂಬಿನ ಊರೇ, ಹಾಗಾದರೆ ಸರಿ, ಎಂದು ತಾಂಬೂಲ ಬದಲಾಯಿಸುತ್ತಿದ್ದರು.

"ಈ ಕಟ್ಟನ್ನು ಯಾವ ಅರಮನೆಯೂ ಬರೆದು ಕಳಿಸಲಿಲ್ಲ, ಮೇಷ್ಟ್ರೇ" ಎಂದರು ಗುರುಗಳು. "ಹೆಬ್ಬೆಟ್ಟು ಒತ್ತುವ ನಮ್ಮವರ ತಲೆಗೇ ಹೊಳೆದದ್ದು. ಅಂಥವರ ಮೊಮ್ಮಕ್ಕಳು ನಾವು ಅನ್ನುವುದನ್ನು ಮರೆಯಬಾರದು."

ಮೇಷ್ಟ್ರು ತಮ್ಮ ಅಜ್ಜನನ್ನೇ ಹೊಗಳಿದಂತೆ ತಲೆಯಾಡಿಸಿದರು.

ಆ ಊರಿನಲ್ಲಿ ಒಬ್ಬ ನೀರುಗಂಟಿ ನಲವತ್ತು ವರ್ಷ ಕೋಲು ಹಿಡಿದ. ಒಂದು ದಿನ ಒಂದು ಹನಿ ಹೆಚ್ಚುಕಡಿಮೆ ಮಾಡಿದವನಲ್ಲ. ಮುದುಕನಾದ. ಅವನು ಮಂಡಿ ಹಿಡಿದುಕೊಂಡು ಏರಿಯ ಮೇಲೆ ನಡೆಯುವುದನ್ನು ಒಬ್ಬ ರೈತ ನೋಡಿದ. ತೂಬಿನ ಮಗ್ಗುಲಿನ ಮೊದಲ ಗದ್ದೆ ಈ ರೈತನದು. ಊರಿನಲ್ಲಿ ಅದಕ್ಕಿಂತ ಒಳ್ಳೆಯ ಗದ್ದೆ ಇರಲಿಲ್ಲ.

"ಅಜ್ಜಾ, ಈ ವಯಸ್ಸಿನಲ್ಲಿ ಅಷ್ಟು ದೂರ ಯಾಕೆ ನಡೀತೀಯ? ನನ್ನ ಗದ್ದೆ ನೀನು ತಗೋ. ನಿನ್ನ ಕೊನೆಗದ್ದೆ ನನಗಿರಲಿ."

"ಬೇಡಪ್ಪ. ಈಗ ನೋಯೋದು ನನ್ನ ಮಂಡಿ ಒಂದೇ. ಇರಲಿ ಬಿಡು."

ರೈತ ಬಿಡಲಿಲ್ಲ. ಊರವರೂ ಬಿಡಲಿಲ್ಲ. ಊರು ಮಾಡುವ ಮರ್ಯಾದೆಯನ್ನು ಬೇಡ ಅನ್ನುತ್ತೀಯಾ ಎಂದು ಕೇಳಿದರು. ಆ ಮಾತಿಗೆ ಮುದುಕ ಸೋತ. ಅವನ ಕೊರಳಿಗೆ ಹಾರ ಹಾಕಿ, ಓಲಗ ಊದಿಸಿಕೊಂಡು ಕರೆದೊಯ್ದು, ತೂಬಿನ ಗದ್ದೆಯಲ್ಲಿ ನಿಲ್ಲಿಸಿದರು. ಅವತ್ತು ಊರು ಹೆಮ್ಮೆಪಟ್ಟಿತು. ಗದ್ದೆ ಬಿಟ್ಟುಕೊಟ್ಟ ರೈತನಂತೂ ಹಿಗ್ಗಿ ಹೀರೇಕಾಯಾದ.

ಮುದುಕ ಇದ್ದಷ್ಟು ದಿನ ಏನೂ ಕೆಡಲಿಲ್ಲ. ಅವನ ಕಾಲಿಗೆ ನಡೆದು ಅಭ್ಯಾಸ. ಕೊಂಬನ್ನೂ ಹಳೆಯ ಬದುವಿನ ಮೇಲೆ ನಿಂತೇ ಊದಿದ. ಅವನು ಹೋದ. ಕೋಲು ಬೇರೊಬ್ಬನಿಗೆ ಬಂತು. ಕೋಲಿನ ಜೊತೆಗೆ ತೂಬಿನ ಗದ್ದೆಯೂ ಬಂತು.

ಹೊಸಬನೂ ಒಳ್ಳೆಯವನೇ. ತೂಬು ತೆಗೆದ. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಅವನ ಗದ್ದೆ ತುಂಬಿತು. ತನ್ನ ಗದ್ದೆ ತುಂಬಿದಾಗ ಊದಬೇಕು ಎಂದು ತಾನೇ ಕಟ್ಟು. ಊದಿದ. ಊರವರು, ಈ ಸಲ ಎಷ್ಟು ಬೇಗ ನೋಡಿ, ಎಂಥ ಚುರುಕಿನವನು ಎಂದು ಮೆಚ್ಚಿ ಹೋಳಿಗೆಗೆ ಬೇಳೆ ಇಟ್ಟರು. ಕೊನೆಗದ್ದೆಯಲ್ಲಿ ಒಣಮಣ್ಣಿನ ಮೇಲೆ ನಿಂತ ರೈತನಿಗೂ ಕೊಂಬು ಕೇಳಿಸಿತು.

ಕೇಳುತ್ತಿದ್ದ ಮೇಷ್ಟ್ರಿಗೆ ತಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಕಟ್ಟಿದ್ದ ಫ್ಲೆಕ್ಸ್ ಕಣ್ಣಮುಂದೆ ಬಂತು. 'ಮನೆಮನೆಗೂ ಗಂಗೆ' ಎಂದಿತ್ತು. ಕೊನೆಯ ಕೇರಿಯವರು ಅದರಡಿಯಲ್ಲೇ ಖಾಲಿ ಕೊಡ ಇಟ್ಟು ಬಸ್ಸಿಗೆ ಕಾಯುತ್ತಿದ್ದರು. ನಗು ಬಂತು, ತಡೆದುಕೊಂಡರು.

ಮೊದಲ ವರ್ಷ ಒಂದು ಗದ್ದೆ ಒಣಗಿತು. ಆಮೇಲೆ ಹತ್ತು. ಆಮೇಲೆ ಊರಿನ ಅರ್ಧ. ಊರವರು ನೀರುಗಂಟಿಯನ್ನು ಬೈದು ಇಳಿಸಿದರು. ಮಾತುಗಾರನೊಬ್ಬನನ್ನು ತಂದರು. ಅವನೂ ಅಷ್ಟೇ. ಮೌನಿಯೊಬ್ಬನನ್ನು ತಂದರು. ಅವನೂ ಅಷ್ಟೇ. ಈ ಕೋಲಿನಲ್ಲೇ ದೋಷವಿದೆ ಎಂದು ಯಾರೋ ಹೇಳಿದರು. ಕೋಲನ್ನು ಸುಟ್ಟು, ಹೊಸ ಕೋಲು ಕಡಿಸಿ, ಪೂಜೆ ಮಾಡಿಸಿದರು. ಹೊಸ ಕೋಲು ಹಿಡಿದವನೂ ಮೊದಲ ದಿನವೇ ಕೊಂಬು ಊದಿದ. ಊರವರು ಕೈ ಚೆಲ್ಲಿದರು. ಎಲ್ಲರೂ ಒಂದೇ, ಯಾರು ಬಂದರೆ ಏನು ಎಂದರು. ವರ್ಷಕ್ಕೊಮ್ಮೆ ಮನೆಗೊಬ್ಬರಂತೆ ಕೂಡಿ ಕೆರೆಯ ಹೂಳೆತ್ತುವ ಪದ್ಧತಿಯಿತ್ತು. ಅವನ ಗದ್ದೆಗೆ ನಾವು ಯಾಕೆ ಮಣ್ಣು ಹೊರಬೇಕು ಎಂದು ಅದನ್ನೂ ಬಿಟ್ಟರು.

ಎಲ್ಲರಿಗಿಂತ ಗಟ್ಟಿಯಾಗಿ ಬೈಯುತ್ತಿದ್ದವನು ಕೊನೆಗದ್ದೆಯ ರೈತ. ಅವನಿಗೆ ಹಕ್ಕೂ ಇತ್ತು. ಭತ್ತ ಬೆಳೆದ ಕೈ ಈಗ ಮಳೆ ನಂಬಿ ಹುರುಳಿ ಚೆಲ್ಲುತ್ತಿತ್ತು.

ಒಂದು ದಿನ ಅರಳಿಕಟ್ಟೆಯಲ್ಲಿ ಒಬ್ಬ ಅಂದ: "ಹನ್ನೊಂದು ವರ್ಷದಿಂದ ಬೈತಾ ಇದ್ದೀಯ, ನಿನ್ನ ಗಂಟಲು ಕೆರೆಗಿಂತ ದೊಡ್ಡದಾಯ್ತು. ನೀನೇ ಹಿಡಿಯಯ್ಯ ಕೋಲು. ನಿಮ್ಮಪ್ಪನ ತೂಬಿನ ಗದ್ದೆಯೂ ಮತ್ತೆ ನಿನ್ನ ಕೈ ಸೇರುತ್ತೆ."

ಜನ ನಕ್ಕರು. ನಕ್ಕವರೇ ಸ್ವಲ್ಪ ಹೊತ್ತಿಗೆ, ಹೌದಲ್ಲ, ಇವನೇ ಹಿಡಿಯಲಿ, ಎಂದರು. ರೈತ, ಒಂದು ದಿನ ಕೊಡಿ, ಎಂದ.

ಸಂಜೆ ತೂಬಿನ ಗದ್ದೆಗೆ ಹೋಗಿ ಬದುವಿನ ಮೇಲೆ ನಿಂತ. ಅಪ್ಪನ ಜೊತೆ ನೇಗಿಲು ಹಿಡಿದ ಮಣ್ಣು. ಹ್ಞೂಂ ಅಂದರೆ ಬರುವ ಸುಗ್ಗಿಗೆ ಮನೆ ತುಂಬ ಭತ್ತ. ಹೆಂಡತಿ ಮಕ್ಕಳ ಮುಖ ನೆನಪಾಯಿತು. ತಲೆಯೆತ್ತಿ ಕಾಲುವೆಯ ಗುಂಟ ನೋಡಿದ. ಕಾಲುವೆ ತಿರುಗುವವರೆಗೂ ಹಸಿರು. ತಿರುವಿನ ಆಚೆ ಏನೂ ಕಾಣುತ್ತಿರಲಿಲ್ಲ. ನೋಡುತ್ತಾ ನಿಂತವನಿಗೆ ಮನಸ್ಸು ತಂಪಾಯಿತು. ಊರು ಚೆನ್ನಾಗಿಯೇ ಇದೆಯಲ್ಲ ಅನ್ನಿಸಿತು.

ಹಾಗನ್ನಿಸಿದ್ದೇ ತಡ, ಅವನಿಗೆ ದಿಗಿಲಾಯಿತು. ಹನ್ನೊಂದು ವರ್ಷ ಒಣಗಿದ್ದು ಅವನದೇ ಗದ್ದೆ. ಇಲ್ಲಿ ನಿಂತ ಅರೆಗಳಿಗೆಗೆ ಅದು ಅವನಿಗೇ ಮರೆತುಹೋಗಿತ್ತು.

ಮಾರನೆಯ ದಿನ ಕಟ್ಟೆಗೆ ಬಂದು ಹೇಳಿದ: "ಕೋಲು ಕೊಡಿ. ಗದ್ದೆ ಬೇಡ. ನನಗೆ ಕೊನೆಗದ್ದೆಯೇ ಇರಲಿ."

"ತಲೆ ನೆಟ್ಟಗಿದೆಯೇನಯ್ಯ? ಅದು ತೂಬಿನ ಗದ್ದೆ."

"ಗೊತ್ತು. ಹಾರ ಹಾಕಿ ಅದನ್ನ ಕೊಟ್ಟು ಕೆಡಿಸಿದವನೇ ನಾನು. ಅದು ಊರಿನ ಗದ್ದೆಯಾಗಲಿ. ಅದರ ಭತ್ತ ಹೂಳೆತ್ತುವವರ ಊಟಕ್ಕಿರಲಿ."

ಕಟ್ಟೆಯಲ್ಲಿದ್ದ ಒಬ್ಬ ಎದ್ದು ಕೋಲು ತಂದುಕೊಟ್ಟ.

ರೈತ ತೂಬು ತೆಗೆದ. ನೀರಿನ ಜೊತೆ ತಾನೂ ನಡೆದ. ಹನ್ನೊಂದು ವರ್ಷದ ಏಡಿ ಬಿಲ ಒಂದೊಂದನ್ನೇ ಮುಚ್ಚಿದ. ಆಳೆತ್ತರ ಬೆಳೆದ ಜೊಂಡು ಕಿತ್ತ. ಕದ್ದು ತೋಡಿದ್ದ ಬಾಯಿಗಳಿಗೆ ಮಣ್ಣು ಮೆತ್ತಿದ. ಮೇಲುಗದ್ದೆಯವರು, ನೀರುಗಂಟಿಯೋ ಬಸವನಹುಳುವೋ ಎಂದು ಆಡಿಕೊಂಡರು. ಹತ್ತು ದಿನವಾಯಿತು, ಕೊಂಬಿಲ್ಲ. ಇಪ್ಪತ್ತು ದಿನವಾಯಿತು, ಕೊಂಬಿಲ್ಲ. ಇವನಿಗೆ ಊದುವುದಕ್ಕೂ ಬರುವುದಿಲ್ಲ ಎಂದರು.

ಇಪ್ಪತ್ತೇಳನೆಯ ದಿನ ಒಣ ತರಗೆಲೆಗಳನ್ನು ಮುಂದೆ ತಳ್ಳಿಕೊಂಡು ಒಂದು ನಾಲಗೆಯಷ್ಟು ನೀರು ಕೊನೆಗದ್ದೆಯ ಬಾಯಿಗೆ ಬಂತು. ರೈತ ಅವಸರ ಮಾಡಲಿಲ್ಲ. ಗದ್ದೆಯ ನಡುವೆ ಹೋಗಿ ನಿಂತ. ಪಾದ ಮುಳುಗಿತು. ಹರಡು ಮುಳುಗಿತು. ಆಮೇಲೆ ಬದು ಹತ್ತಿ ಊದಿದ.

ಊರಿನಲ್ಲಿ ಹಿಂದಿನ ವರ್ಷವಷ್ಟೇ ಬಂದ ಸೊಸೆಯೊಬ್ಬಳು ಕೇಳಿದಳು: "ಅತ್ತೆ, ಈ ಸಲ ಕೊಂಬು ಯಾಕೆ ಇಷ್ಟು ತಡ?"

ಅತ್ತೆ ಬೇಳೆಯ ಡಬ್ಬ ಇಳಿಸುತ್ತಿದ್ದಳು. "ತಡ ಅಲ್ಲ ಕಣೆ" ಎಂದಳು. "ಹನ್ನೊಂದು ವರ್ಷದ ಮೇಲೆ ಇವತ್ತು ಊದಿದರು."

ಮುಂದಿನ ವರ್ಷ ಹೂಳೆತ್ತುವ ದಿನ ಡಂಗುರ ಸಾರಿಸಲಿಲ್ಲ. ಬೆಳಕು ಹರಿಯುವಾಗ ಮನೆಗಿಬ್ಬರಂತೆ ಗುದ್ದಲಿ ಹಿಡಿದು ಏರಿಯ ಮೇಲೆ ನಿಂತಿದ್ದರು. ಆಡಿಕೊಂಡಿದ್ದ ಮೇಲುಗದ್ದೆಯವರೂ ಇದ್ದರು. ಸುತ್ತಲಿನ ಊರಿನವರು ಮತ್ತೆ ತಾಂಬೂಲ ಹಿಡಿದು ಬಂದರು.

ಗುರುಗಳು ಕತೆ ನಿಲ್ಲಿಸಿದರು. ಮೇಷ್ಟ್ರ ಕಣ್ಣು ಒದ್ದೆಯಾಗಿತ್ತು, ಮುಖ ಅರಳಿತ್ತು. ನಲವತ್ತು ಮಕ್ಕಳ ತರಗತಿಯಲ್ಲಿ ಎಲ್ಲರೂ ತಪ್ಪಿಲ್ಲದೆ ಲೆಕ್ಕ ಬಿಡಿಸಿದ ದಿನ ಅವರ ಮುಖ ಹೀಗಾಗುತ್ತಿತ್ತು.

"ಸಾಕು ಬುದ್ಧೀ. ನನ್ನ ಭಯ ಹೋಯಿತು" ಎಂದು ಎದ್ದರು. "ನಾಳೆಯೇ ನಾಮಪತ್ರ ಹಾಕುತ್ತೇನೆ. ಈ ಕತೆಯನ್ನು ಊರ ಕಟ್ಟೆಯ ಮೇಲೆ ನಿಂತು ಹೇಳುತ್ತೇನೆ. ಅಧ್ಯಕ್ಷರಾಗಿ ಮೆರೆದವರೆಲ್ಲ ಎದುರಿಗೆ ಕೂತು ಕೇಳಲಿ."

ನಮಸ್ಕರಿಸಿ ಮೆಟ್ಟಿಲಿಳಿದರು. ಎರಡನೆಯ ಮೆಟ್ಟಿಲಿನಲ್ಲಿದ್ದಾಗ ಗುರುಗಳು ಬಾಳೆಹಣ್ಣೊಂದನ್ನು ಸುಲಿಯುತ್ತಾ, ಏನೋ ನೆನಪಾದವರಂತೆ ಕೂಗಿ ಕೇಳಿದರು:

"ಮೇಷ್ಟ್ರೇ, ಆ ಕೊನೆಯ ಕೇರಿಯಲ್ಲಿ ಬಾಡಿಗೆಗೆ ಒಂದು ಮನೆ ಸಿಕ್ಕೀತೇ?"

ಮೇಷ್ಟ್ರು ಮೂರನೆಯ ಮೆಟ್ಟಿಲಿಗೆ ಎತ್ತಿದ್ದ ಕಾಲನ್ನು ಇಡದೆ ಹಾಗೆಯೇ ನಿಂತರು.