ಹೆಸರಿನ ಕೊನೆಯ ಚುಕ್ಕಿ

"ಗುರುಗಳೇ, ಅಂತರ್ಜಾಲದ ಹೆಸರುಗಳಿಗೆಲ್ಲ ಒಡೆಯ ಯಾರು?" ಎಂದು ಶಿಷ್ಯ ಕೇಳಿದ. ಮಠದ ಹೆಸರಿನಲ್ಲಿ ಜಾಲತಾಣ ಮಾಡಲು ಹೋದರೆ, ಆ ಹೆಸರನ್ನು ಯಾವನೋ ಮಿಠಾಯಿ ಅಂಗಡಿಯವನು ಆಗಲೇ ಪಡೆದಿದ್ದ. "ಆ ಒಡೆಯ ಸಿಕ್ಕಿದರೆ ಕಾಲನ್ನಾದರೂ ಹಿಡಿಯುತ್ತೇನೆ, ಕೊರಳಪಟ್ಟಿಯನ್ನಾದರೂ ಹಿಡಿಯುತ್ತೇನೆ."

ಗುರುಗಳು ನಕ್ಕು ಕತೆ ಹೇಳಿದರು.

ಒಬ್ಬ ವರ್ತಕ ದೊಡ್ಡ ಪಟ್ಟಣಕ್ಕೆ ಬಂದ. ಅಪ್ಪನ ಹೆಸರಿನಲ್ಲೇ ಅಂಗಡಿ ತೆರೆಯುತ್ತೇನೆಂದು ಅಮ್ಮನಿಗೆ ಮಾತು ಕೊಟ್ಟಿದ್ದ. ನೋಡಿದರೆ ಆ ಹೆಸರಿನ ಹಲಗೆ ಇನ್ನೊಬ್ಬನ ಬಾಗಿಲಲ್ಲಿ ತೂಗುತ್ತಿತ್ತು. ಒಂದು ಕೇರಿಯಲ್ಲಿ ಒಂದು ಹೆಸರು ಒಬ್ಬನಿಗೇ ಎಂಬುದು ಅಲ್ಲಿಯ ಕಟ್ಟಳೆ.

ಕೇರಿಯ ಯಜಮಾನ, "ಮೊದಲು ಕೇಳಿದವನಿಗೆ ಕೊಟ್ಟೆ. ಆಗ ನೀನು ಗೊರಕೆ ಹೊಡೆಯುತ್ತಿದ್ದರೆ ನಾನೇನು ಮಾಡಲಿ? ಈ ಕೇರಿಯನ್ನು ನನಗೆ ಒಪ್ಪಿಸಿದವನು ಊರಬಾಗಿಲಲ್ಲಿದ್ದಾನೆ, ಅವನನ್ನು ಕೇಳು" ಎಂದ.

ವರ್ತಕ ಅರಮನೆಯನ್ನೂ ಕಾವಲು ಪಡೆಯನ್ನೂ ನೆನೆಯುತ್ತ ಹೋದ. ಅಲ್ಲಿ ಒಬ್ಬ ಮುದುಕ ಚಾಪೆಯ ಮೇಲೆ ಕುಳಿತಿದ್ದ. ಪರಸ್ಥಳದವರು ಬಂದು ವಿಳಾಸ ಹೇಳುತ್ತಿದ್ದರು. ಮುದುಕ ಅದರ ಕೊನೆಯಲ್ಲಿ ಬರುವ ಕೇರಿಯ ಹೆಸರೊಂದನ್ನೇ ಕೇಳಿಸಿಕೊಂಡು, "ಆ ಕೇರಿಗೆ ಹೀಗೆ ಹೋಗು, ಉಳಿದದ್ದನ್ನು ಅಲ್ಲಿ ಕೇಳು" ಎನ್ನುತ್ತಿದ್ದ. ಅಷ್ಟೇ ಅವನ ಕೆಲಸ. ಪಟ್ಟಣ ಹಿಡಿಯಷ್ಟಿದ್ದಾಗ ಅವನಿಗೆ ಎಲ್ಲರ ಮನೆಯೂ ಗೊತ್ತಿತ್ತು. ಅದು ಬೆಳೆದಂತೆ ಕೇರಿಗಳನ್ನು ಒಬ್ಬೊಬ್ಬರಿಗೆ ಬಿಟ್ಟುಕೊಟ್ಟ. ಈಗ ಅವನಿಗೆ ಒಂದು ಮನೆಯೂ ಗೊತ್ತಿಲ್ಲ. ಅವನನ್ನು ಕೇಳದೆ ಯಾರಿಗೂ ಒಂದು ಮನೆಯೂ ಸಿಗದು.

ವರ್ತಕ ಮುದುಕನ ಕಿವಿಯತ್ತ ಬಾಗಿದ. "ಅಜ್ಜಾ, ನನಗೆ ಹೆಸರು ಕೊಡದ ಆ ಕೇರಿಯನ್ನು ಕೇಳಿದವರಿಗೆಲ್ಲ ಇನ್ನು ನಾನು ತೆರೆಯುವ ಅಂಗಡಿಯ ದಾರಿ ತೋರಿಸಿಬಿಡು. ನಿನ್ನ ಒಂದು ಮಾತಿಗೆ ಕೇರಿಗೆ ಕೇರಿಯೇ ಮಾಯವಾಗುತ್ತದಲ್ಲ!"

"ಆಗುತ್ತದಪ್ಪ. ಬೆಳಿಗ್ಗೆ ಕೇರಿ ಮಾಯ, ಸಂಜೆಗೆ ನಾನು ಮಾಯ. ನನ್ನನ್ನು ಇಲ್ಲಿ ಯಾವ ರಾಜನೂ ಕೂರಿಸಿಲ್ಲ. ಬಂದವರು ಕೇಳುತ್ತಾರೆ, ಅದಕ್ಕೆ ಕೂತಿದ್ದೇನೆ. ನಾಳೆ ಅವರು ಆ ಮರದ ಕೆಳಗಿರುವವನನ್ನು ಕೇಳಿದರೆ ಊರಬಾಗಿಲೇ ಎದ್ದು ಅಲ್ಲಿಗೆ ಹೋಗುತ್ತದೆ."

ವರ್ತಕ ಆ ಹರಕು ಚಾಪೆಯನ್ನು ನೋಡಿದ. ಇಡೀ ಪಟ್ಟಣ ಅದರ ಮೇಲೆ ನಿಂತಿತ್ತು. ಅವನು ಚಪ್ಪಲಿ ಕಳಚಿ ಕೈಮುಗಿದ. ಬೇರೊಂದು ಕೇರಿಗೆ ಹೋಗಿ, ಅಲ್ಲಿ ಅಪ್ಪನ ಹೆಸರಿನ ಹಲಗೆ ತೂಗುಹಾಕಿದ.

"ನಿನ್ನ ಜಾಲದಲ್ಲೂ ಪ್ರತಿ ಹೆಸರಿನ ಕೊನೆಗೆ ಒಂದು ಚುಕ್ಕಿ ಇದೆ. ಯಾರೂ ಅದನ್ನು ಬರೆಯುವುದಿಲ್ಲ. ಆದರೆ ಯಾವ ಹೆಸರಿನ ದಾರಿ ಹುಡುಕಿದರೂ ಮೊದಲು ಕೇಳುವುದು ಅಲ್ಲೇ. ಊರಬಾಗಿಲು ಅದೇ" ಎಂದರು ಗುರುಗಳು. "ಮೊದಲು ಅದನ್ನು ಒಬ್ಬಿಬ್ಬರು ಕಾಯುತ್ತಿದ್ದರು. ಈಗ ನಾನಾ ದೇಶದವರು ಸೇರಿ, ಜಗಳವಾಡುತ್ತಲೇ ಕಾಯುತ್ತಾರೆ. ಚಾಪೆ ಮಾತ್ರ ಅದೇ."

ಶಿಷ್ಯ ಬಿಡಲಿಲ್ಲ. "ಆದರೂ ಗುರುಗಳೇ, ಅವರಿಗೆ ಆ ಅಧಿಕಾರ ಕೊಟ್ಟವರು ಯಾರು?"

"ನನ್ನನ್ನು ಗುರು ಮಾಡಿದವರು ಯಾರು, ಮಗು?"