ಕೊನೆಯ ನಳ

ನದಿಯ ದಂಡೆಯ ಮೇಲೆ ನಿಂಬೆವ್ವನ ಆಶ್ರಮವಿತ್ತು. ಇದ್ದವರು ಎಂಟು ಜನ ಶಿಷ್ಯರು. ಎಲ್ಲರೂ ಆಕೆಯನ್ನು ಅವ್ವ ಎಂದೇ ಕರೆಯುತ್ತಿದ್ದರು.

ಅವರಲ್ಲಿ ಅಡಿವೆಪ್ಪ ಒಬ್ಬ. ಐವತ್ತು ದಾಟಿದವನು, ಹಿಂದೆ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ಅವ್ವ ಆಡುವ ಪ್ರತಿ ಮಾತಿನ ಒಳಗೂ ಇನ್ನೊಂದು ಮಾತು ಇರುತ್ತದೆಂದು ಬಲವಾಗಿ ನಂಬಿದ್ದ. "ಚಾ ತಣ್ಣಗಾತು" ಎಂದು ಅವ್ವ ಅಂದರೂ ಅರ್ಧ ದಿನ ಯೋಚಿಸುತ್ತಿದ್ದ.

ಆ ವರ್ಷ ಅವನು ಇಪ್ಪತ್ತೊಂದು ದಿನದ ಮೌನ ಹಿಡಿದ. ಐದನೆಯ ದಿನ ಜೋರು ಗಾಳಿ ಬೀಸಿತು. ಮಾಳಿಗೆಯ ಮೇಲಿನ ನೀರಿನ ಟಾಕಿಯ ಮುಚ್ಚಳ ಒಡೆದು ಪಕ್ಕಕ್ಕೆ ಬಿದ್ದಿದ್ದನ್ನು ಅವನೊಬ್ಬನೇ ಕಂಡ. ಮೌನ ಮುಗಿದ ಮೇಲೆ ಹೇಳಿದರಾಯಿತು ಅಂದುಕೊಂಡ.

ಹದಿನೆಂಟನೆಯ ದಿನ ನಾಲ್ವರಿಗೆ ವಾಂತಿಭೇದಿ ಹಿಡಿಯಿತು. ಅಡುಗೆ ಮಾಡುವ ಬಸಲಿಂಗಪ್ಪನಂತೂ ನಿಂತಲ್ಲೇ ಕುಸಿದ. ಅವನನ್ನು ಎತ್ತಿ ಜೀಪಿನಲ್ಲಿ ಮಲಗಿಸಿ ತಾಲ್ಲೂಕು ಆಸ್ಪತ್ರೆಗೆ ಒಯ್ದರು. ಉಳಿಯುತ್ತಾನೆಂದು ಡಾಕ್ಟರು ಧೈರ್ಯ ಕೊಡಲಿಲ್ಲ.

ಅಡಿವೆಪ್ಪ ಮಾಳಿಗೆ ಹತ್ತಿ ಟಾಕಿಯೊಳಗೆ ಇಣುಕಿದ. ಪಾರಿವಾಳವೊಂದು ಸತ್ತು ತೇಲುತ್ತಿತ್ತು.

ಇಳಿದು ಬಂದವನೇ ಅವ್ವನ ಕಾಲು ಹಿಡಿದ. ಮೌನ ಅಲ್ಲಿಗೇ ಮುರಿಯಿತು.

"ಮುಚ್ಚಳ ಒಡದದ್ದು ನಾ ನೋಡಿದ್ದೆ ಅವ್ವಾ. ಹೇಳಲಿಲ್ಲ. ಈ ಪಾಪ ಹ್ಯಾಂಗ ತೊಳಕೊಳ್ಳಲಿ?"

"ಟಾಕಿ ತೊಳಿ."

"ಟಾಕಿ ಅಂದ್ರ… ಈ ದೇಹ ಏನ್ರೀ?"

"ಮಾಳಿಗಿ ಮ್ಯಾಲಿಂದು," ಎಂದಳು ಅವ್ವ.

ಅಡಿವೆಪ್ಪನಿಗೆ ಸಮಾಧಾನವಾಗಲಿಲ್ಲ. ಆದರೂ ಹೋದ. ಪಾರಿವಾಳವನ್ನು ತೆಗೆದು ದೂರ ಒಯ್ದು ಹೂತ. ನೀರನ್ನೆಲ್ಲ ಹೊರಗೆ ಬಿಟ್ಟ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಳಗಿಳಿದು ತಳದ ರಾಡಿಯನ್ನು ಬಾಚಿದ. ಗೋಡೆಯ ಲೋಳೆ ಹೋಗುವವರೆಗೆ ಬ್ರಷ್ ಹಾಕಿ ತಿಕ್ಕಿದ. ತಿಕ್ಕುವಾಗೆಲ್ಲ ಬಸಲಿಂಗಪ್ಪನ ಮುಖವೇ ಕಣ್ಣ ಮುಂದೆ ಬರುತ್ತಿತ್ತು.

ಆರೋಗ್ಯ ಕೇಂದ್ರದ ನರ್ಸಮ್ಮ ಬ್ಲೀಚಿಂಗ್ ಪೌಡರ್ ತೂಗಿ ಕೊಟ್ಟು ಹೇಳಿದಳು: "ಟಾಕಿ ತುಂಬಿಸ್ರಿ. ಇದನ್ನ ಬಕೆಟ್ಟಿನ್ಯಾಗ ಕದಡಿ, ಮ್ಯಾಲಿನ ತಿಳಿ ಟಾಕಿಗೆ ಹಾಕ್ರಿ. ಎಲ್ಲಾ ನಳಾ ಬಿಟ್ಟು, ಔಷಧದ ವಾಸನಿ ಬಂದಮ್ಯಾಲ ಬಂದ್ ಮಾಡ್ರಿ. ಒಂದು ದಿನ ಹಾಂಗ ಇರಲಿ. ಆಮ್ಯಾಲ ಎಲ್ಲಾ ನಳದಿಂದ ಆ ನೀರು ಹೊರಗ ಬಿಟ್ಟು, ಹೊಸಾ ನೀರು ತುಂಬಿಸ್ರಿ. ಅಲ್ಲೀಮಟಾ ಊರಾಗಿಂದ ನೀರು ತಂದು, ಕುದಿಸಿ ಕುಡೀರಿ."

ಅಡಿವೆಪ್ಪ ಹಾಗೇ ಮಾಡಿದ. ಅಡುಗೆಮನೆಯ ನಳ ಬಿಟ್ಟ. ಬಚ್ಚಲಿನದು ಬಿಟ್ಟ. ಅಂಗಳದ್ದು ಬಿಟ್ಟ. ಮೂರರಲ್ಲೂ ವಾಸನೆ ಬಂತು.

ಸಂಜೆ ಅವ್ವ ಕೇಳಿದಳು: "ಕೊನೀ ನಳಕ್ಕ ವಾಸನಿ ಬಂತೇನು?"

ಅಡಿವೆಪ್ಪ ಯೋಚನೆಗೆ ಬಿದ್ದ. ಕೊನೆಯ ನಳ! ಕಣ್ಣು, ಕಿವಿ, ನಾಲಿಗೆ ಎಲ್ಲವನ್ನೂ ದಾಟಿದ ಮೇಲೆ ಉಳಿಯುವ ಬಾಗಿಲು ಯಾವುದು? ಅವನು ನದಿಯ ಕಡೆಗೆ ಹೋಗಿ ಕಣ್ಣು ಮುಚ್ಚಿ ಕೂತ. ಸರಿಯಾದ ಉತ್ತರ ಹೊಳೆಯಲಿಲ್ಲ. ಹೊಳೆದದ್ದೂ ಮರುಗಳಿಗೆಗೆ ತಪ್ಪೆನಿಸಿತು.

ಮರುದಿನ ಅದೇ ಮೂರು ನಳಗಳಿಂದ ಔಷಧದ ನೀರನ್ನು ಹೊರಗೆ ಬಿಟ್ಟು, ಟಾಕಿಗೆ ಹೊಸ ನೀರು ತುಂಬಿಸಿ, ಹೊಸ ಮುಚ್ಚಳ ಕಟ್ಟಿ ಅವ್ವನ ಹತ್ತಿರ ಬಂದ.

"ಎಲ್ಲಾ ಮುಗೀತ್ರೀ."

"ಕೊನೀ ನಳ?"

"ರಾತ್ರಿಯೆಲ್ಲಾ ವಿಚಾರ ಮಾಡಿದೆ ಅವ್ವಾ. ಕೊನೀ ನಳ ಅಂದ್ರ ನನ್ನ ಅಹಂಕಾರ. ಅಲ್ಲೇನ್ರೀ?"

ಅವ್ವ ಅವನ ಮುಖವನ್ನೇ ನೋಡಿದಳು.

"ಅಲ್ಲ."

"ಹಂಗಾರ ಮೌನ? ನಾ ಮೌನದ ಹೆಸರಿಲೆ ತಪ್ಪು ಮುಚ್ಚಿಟ್ಟೆ…"

"ಅದೂ ಅಲ್ಲ. ನಡಿ."

ಅವ್ವ ಎದ್ದು ಹೊರಟಳು. ಅಂಗಳ ದಾಟಿ, ಹುಲ್ಲಿನ ಬಣವೆ ಬಳಸಿ, ದನದ ಕೊಟ್ಟಿಗೆಯ ಹಿಂದಕ್ಕೆ ನಡೆದಳು. ಅಡಿವೆಪ್ಪ ಏನೂ ತಿಳಿಯದೆ ಹಿಂಬಾಲಿಸಿದ.

ಕೊಟ್ಟಿಗೆಯ ಹಿಂದಿನ ಕಟ್ಟೆಯ ಮೇಲೆ ಬಸಲಿಂಗಪ್ಪ ಕೂತಿದ್ದ! ಆಗಷ್ಟೇ ಆಸ್ಪತ್ರೆಯಿಂದ ಬಂದು, ಹಿತ್ತಲ ದಾರಿಯಿಂದ ಒಳಗೆ ಕಾಲಿಟ್ಟಿದ್ದ. ಮೂರೇ ದಿನದಲ್ಲಿ ಕೆನ್ನೆ ಒಳಸೇರಿದ್ದವು. ಪಕ್ಕದಲ್ಲಿ ಅಡಿವೆಪ್ಪ ಮರೆತೇಬಿಟ್ಟಿದ್ದ ನಾಲ್ಕನೆಯ ನಳವಿತ್ತು. ಅದರಿಂದ ತುಂಬಿಸಿಕೊಂಡ ತಂಬಿಗೆಯನ್ನು ಎರಡೂ ಕೈಯಿಂದ ಬಾಯಿಗೆ ಎತ್ತುತ್ತಿದ್ದ.

ಅವ್ವ ಓಡಿದಳು. ಎಪ್ಪತ್ತರ ಮುದುಕಿ ಹಾಗೆ ಓಡಿದ್ದನ್ನು ಅಡಿವೆಪ್ಪ ಎಂದೂ ಕಂಡಿರಲಿಲ್ಲ. ತಂಬಿಗೆ ಕಸಿದು ನೀರನ್ನು ನೆಲಕ್ಕೆ ಚೆಲ್ಲಿದಳು.

"ಯಾಕವ್ವಾ?" ಎಂದ ಬಸಲಿಂಗಪ್ಪ, ಬೆರಗಾಗಿ.

ಅವ್ವ ನಳ ಬಿಟ್ಟಳು. ಮೊದಲು ಗೊರಗೊರ ಸದ್ದಾಯಿತು. ಆಮೇಲೆ ಹಳದಿ ನೀರು ಬಂತು. ಔಷಧದ ವಾಸನೆಯ ಸುಳಿವೇ ಇರಲಿಲ್ಲ, ಬಂದದ್ದು ಕೊಳೆತ ನಾತ. ನೀರಿನ ಜೊತೆ ಬೂದು ಬಣ್ಣದ ಸಣ್ಣ ಪುಕ್ಕವೊಂದು ಜಾರಿ ಅಡಿವೆಪ್ಪನ ಪಾದದ ಮೇಲೆ ಕೂತಿತು.

ಅವನು ಕೆಸರಿನಲ್ಲೇ ಕೂತುಬಿಟ್ಟ.

"ನೀವು ನಳದ ಮಾತೇ ಆಡಿದ್ರಿ," ಎಂದ ಸಣ್ಣ ದನಿಯಲ್ಲಿ. "ಬರೇ ನಳದ ಮಾತು."

"ಹೂಂ."

"ನಾ ಇಲ್ಲಿಗೆ ಬಂದು ಒಂಬತ್ತು ವರ್ಷಾತು. ಅಷ್ಟು ದಿನಾ ನೀವು ಹೇಳಿದ್ದು… ಅದೂ ಹಿಂಗ ಏನ್ರೀ?"

ಅವ್ವ ಬಗ್ಗಿ ನೀರಿನ ವಾಸನೆ ನೋಡಿದಳು. ನಳದ ನೀರು ಹರಿಯುತ್ತಲೇ ಇತ್ತು.

ಅಡಿವೆಪ್ಪನ ತಲೆ ಗಿರ್ರೆಂದಿತು. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು? ಇಷ್ಟು ವರ್ಷ ಬರೆದಿಟ್ಟುಕೊಂಡ ಅರ್ಥಗಳನ್ನೆಲ್ಲ ಏನು ಮಾಡಬೇಕು? ಅಳು ಬಂತು. ಅಳುವುದೂ ತಪ್ಪೇನೋ ಅನ್ನಿಸಿತು.

"ಅವ್ವಾ, ಇದೊಂದು ಹೇಳಿಬಿಡ್ರಿ," ಎಂದು ಕೈ ಮುಗಿದ. "ನಿಮ್ಮ ಯಾವ ಮಾತು ನೀರಿಂದು, ಯಾವ ಮಾತಿನ್ಯಾಗ ಇನ್ನೊಂದು ಅರ್ಥ ಐತಿ? ನನಗ ಅದು ತಿಳಿಯೋದು ಯಾವಾಗ?"

ಅವ್ವ ಬರಿದಾದ ತಂಬಿಗೆಯನ್ನು ಅವನ ಕೈಗೆ ಕೊಟ್ಟಳು.

"ಬಸಲಿಂಗ ಇನ್ನೂ ನೀರು ಕುಡದಿಲ್ಲ ನೋಡು."